ಐಸ್ ಕರಗಿಸಿ ತೋರಿಸಿದವರು

ಅವರು ನನ್ನ ಜೊತೆ ಒಂದು ಸಲವೂ ಮೆತ್ತಗೆ ಮಾತಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಬೈಗುಳ ಶುರುವಾಗುತ್ತಿತ್ತು. "ಫ್ರಿಜ್ಜಿನ ತಲಿ ಮ್ಯಾಲ ಈ ಹೂದಾನಿ ಯಾಕ್ರಿ? ಅದೇನು ಶೋಕೇಸ್ ಏನು?" ಎನ್ನುವರು. ಹೂದಾನಿ ತೆಗೆದರೆ, "ಗ್ವಾಡಿಗೆ ಒತ್ತಿ ನಿಲ್ಸೀರಲ್ರಿ, ಅದು ಉಸಿರಾಡೂದು ಬ್ಯಾಡೇನು?" ಎನ್ನುವರು. ಹೊಸಪೇಟೆಯಲ್ಲಿ ಫ್ರಿಜ್ ಇಟ್ಟುಕೊಂಡವರಿಗೆಲ್ಲ ಅವರು ಸಿಟ್ಟಿನ ಮೆಕ್ಯಾನಿಕ್. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಕಳೆದ ಆಷಾಢದಲ್ಲಿ ಅವರು ತೀರಿಕೊಂಡರು. ಕಂಪ್ಲಿಯ ಒಂದು ಬೇಕರಿಗೆ ಫ್ರೀಜರ್ ರಿಪೇರಿಗೆ ಹೋಗಿದ್ದರಂತೆ. ಹಿಂಬದಿಯ ತಗಡು ಬಿಚ್ಚಿ, ಎದೆ ಯಾಕೋ ಹಿಡಿದಂಗಾಗುತ್ತದೆ ಎಂದು ಹಿಟ್ಟಿನ ಚೀಲದ ಮೇಲೆ ಕೂತವರು ಏಳಲಿಲ್ಲ. ಅವರ ಬಗ್ಗೆ ಬರೆಯೋಣವೆಂದು ಕೂತಾಗೆಲ್ಲ ದುಃಖಕ್ಕಿಂತ ಮುಂಚೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಮೇಲಿನದೇ. ಅದನ್ನು ಬಿಟ್ಟು ಅವರ ಚಿತ್ರ ಬರೆಯಲು ನನಗೆ ಸಾಧ್ಯವಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮಗಳ ನಿಶ್ಚಿತಾರ್ಥದ ಹೊತ್ತಿಗೆ ಮನೆಗೆ ದೊಡ್ಡ ಫ್ರಿಜ್ ಬಂತು. ಜೋಡಿ ಬಾಗಿಲಿನದು. ಹಿಂದಿನಿಂದ ನೀರಿನ ಪೈಪ್ ಕೊಟ್ಟರೆ ತಾನೇ ನೀರು ತುಂಬಿಕೊಂಡು, ತಾನೇ ಐಸ್ ಮಾಡಿ, ತಾನೇ ಡಬ್ಬಿಗೆ ಉದುರಿಸುವಂಥದು. ನಮ್ಮ ಓಣಿಯಲ್ಲಿ ಅಂಥದ್ದು ಅದೇ ಮೊದಲು. ತಿಂಗಳೊಳಗೆ ಐಸ್ ಕಚ್ಚಿಕೊಂಡು ಉದುರುವುದು ನಿಂತಿತು. ನಾನು ಅಡಿಗೆಮನೆಯ ಚಾಕು ತಗೊಂಡು ಎಬ್ಬಿದೆ. ಟಕ್ ಅಂದಿತು. ಆಮೇಲೆ ಪೂರ್ತಿ ನಿಂತೇಹೋಯಿತು.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ಆಗ ಅವರು ಅಲ್ಲಿಯೇ ನೌಕರಿಯಲ್ಲಿದ್ದರು. ಬಂದ ದಿನ ಮನೆಯಲ್ಲಿ ಬೀಗರು ಕೂತಿದ್ದರು. ಕುಳ್ಳಗಿನ ಆಳು, ಬಿಳಿ ಮೀಸೆ, ಕಿವಿಯ ಮೇಲೆ ಪೆನ್ಸಿಲ್. ಐಸ್ ಮೇಕರ್ ಬಿಚ್ಚಿ ಬೆಳಕಿಗೆ ಹಿಡಿದರು. ಡಬ್ಬಿ ತುಂಬಿತೋ ಇಲ್ಲವೋ ಎಂದು ನೋಡಿಕೊಳ್ಳುವ ಒಂದು ಕಡ್ಡಿ ಇರುತ್ತದೆ. ಅದು ಬುಡದಲ್ಲಿ ಮುರಿದಿತ್ತು.

"ಚಾಕು ಹಾಕಿದವರು ಯಾರ್ರಿ?"

"ಯಾರೂ ಹಾಕಿಲ್ಲ. ತಾನಾಗೇ ನಿಂತಿತು," ಎಂದೆ.

"ತಾನಾಗೇ? ಇಲ್ಲಿ ನೋಡ್ರಿ ಗೀರು. ಒಂದಲ್ಲ, ಮೂರು. ಐಸಿಗೆ ಉಗುರು ಇರ್ತಾವೇನು?"

ಪಡಸಾಲೆಯಿಂದ ಬೀಗಿತ್ತಿ ತಟ್ಟೆ ಹಿಡಿದುಕೊಂಡು ಇಣುಕಿದರು. ನಾನು ಮತ್ತೆ ಇಲ್ಲ ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ, "ಟೀಚರ್ ಅಂತೀರಿ, ಸುಳ್ಳು ಹೇಳ್ತೀರಲ್ರಿ," ಎಂದುಬಿಟ್ಟರು.

ಹೊಸ ಮಿಷನ್ನೇ ಬೇಕಾಗಿಲ್ಲ, ಕಡ್ಡಿಯೊಂದನ್ನು ಬದಲಿಸಿದರೆ ಸಾಕು ಎಂದು ಅವರೇ ಹೇಳಿ, ಅರ್ಧ ಗಂಟೆಯಲ್ಲಿ ಸರಿಮಾಡಿ ಹೋದರು. ಅದು ನನ್ನ ತಲೆಗೆ ಹೋಗಲೇ ಇಲ್ಲ. ಬೀಗರು ಎದ್ದುಹೋದ ಮೇಲೆ ಕೂತು ಸರ್ವೀಸ್ ಸೆಂಟರಿಗೆ ಎರಡು ಪುಟ ದೂರು ಬರೆದೆ. ಹೆಣ್ಣುಮಕ್ಕಳಿರುವ ಮನೆಗೆ ಬಂದು ಏರುದನಿಯಲ್ಲಿ ಮಾತಾಡಿದ್ದು, ಅತಿಥಿಗಳೆದುರು ಅವಮಾನ ಮಾಡಿದ್ದು, ಇಂಥವರನ್ನು ಮನೆಗಳಿಗೆ ಕಳಿಸುವುದು ಸಂಸ್ಥೆಗೆ ಶೋಭೆಯಲ್ಲ ಎಂಬುದು. ಉತ್ತರಪತ್ರಿಕೆ ತಿದ್ದುವ ಕೈ. ಒಂದು ಅಕ್ಷರವೂ ಓರೆಯಾಗಲಿಲ್ಲ. ಅದನ್ನು ನಾನೇ ಒಯ್ದು ಮಾಲೀಕರ ಕೈಗೆ ಕೊಟ್ಟು ಬಂದೆ.

ಮುಂದಿನ ವರ್ಷ ಐಸ್ ನಿಧಾನಕ್ಕೆ ಬೀಳತೊಡಗಿದಾಗ ಬೇರೆಯವನು ಬಂದ. ಇಸ್ತ್ರಿ ಅಂಗಿ, ಕಾಲಿಗೆ ಪ್ಲಾಸ್ಟಿಕ್ ಕವರ್, ಮಾತಿಗೊಮ್ಮೆ ಮೇಡಂ. ಫ್ರಿಜ್ಜಿನೊಳಗೆ ಕೈ ಹಾಕಿ ಏನೋ ತಿರುಗಿಸಿದ. ನೀರು ಸರಾಗವಾಗಿ ಹರಿಯಿತು. ಕಾಗದದಲ್ಲಿ 'ಫಿಲ್ಟರ್ ಬದಲಿಸಲಾಗಿದೆ' ಎಂದು ಬರೆದು ಸಹಿ ಕೇಳಿದ. ಚಹಾ ಕೊಡುತ್ತಾ, ಮೊದಲು ಬಂದಿದ್ದ ಆ ಹಿರಿಯರು ಎಲ್ಲಿ ಎಂದು ಕೇಳಿದೆ.

"ಅವರನ್ನ ತೆಗೆದುಬಿಟ್ರು ಮೇಡಂ. ಯಾರೋ ಟೀಚರ್ ಒಬ್ರು ಎರಡು ಪುಟ ಕಂಪ್ಲೇಂಟ್ ಬರದಿದ್ರಂತ."

ನಾನು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದೆ. ಆಮೇಲೆ ಫೋನಿನಲ್ಲಿ ಅವನ ಕೆಲಸಕ್ಕೆ ಐದಕ್ಕೆ ಐದು ಸ್ಟಾರ್ ಒತ್ತಿದೆ. ಕೆಲಸ ಹೋದದ್ದು ಅವರ ಬಾಯಿಯಿಂದಲೇ, ನನ್ನಿಂದಲ್ಲ ಎಂದು ಹಲವು ದಿನ ನನಗೆ ನಾನೇ ಹೇಳಿಕೊಂಡೆ.

ಅವರು ಹೊರಗೆ ಬಿದ್ದ ಮೇಲೆ ಸ್ವಂತ ಕೆಲಸ ಹಿಡಿದಿದ್ದರು. ಹಳೇ ಸ್ಕೂಟರ್, ಕಾಲ ಹತ್ತಿರ ಗ್ಯಾಸಿನ ಸಿಲಿಂಡರ್, ಹೆಗಲಿಗೆ ಚೀಲ. ಒಂದು ದಿನ ಸಂಡೂರಿನಲ್ಲಿ, ಒಂದು ದಿನ ಮೆಟ್ರಿಯಲ್ಲಿ. ಅವರ ಕಥೆಗಳು ನಮ್ಮ ಸ್ಟಾಫ್ ರೂಮಿನವರೆಗೂ ಬರುತ್ತಿದ್ದವು. ಫ್ರಿಜ್ ಮುಟ್ಟುವ ಮೊದಲು ಡಾಕ್ಟರರ ಹಾಗೆ ವಿಚಾರಣೆ ಮಾಡುತ್ತಿದ್ದರಂತೆ. ಕೊನೆಯ ಸಲ ಸರಿಯಿದ್ದದ್ದು ಯಾವ ದಿನ, ಆ ದಿನ ಮನೆಯಲ್ಲಿ ಏನೇನಾಯಿತು, ಕರೆಂಟ್ ಎಷ್ಟು ಸಲ ಹೋಗಿ ಬಂತು. ಉತ್ತರ ತಪ್ಪಿದರೆ, "ನಿಮಗ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ರಿ. ಕಥಿ ಕಟ್ಟಬ್ಯಾಡ್ರಿ," ಎಂದು ಚೀಲ ಎತ್ತಿಕೊಂಡು ಹೊರಡುತ್ತಿದ್ದರಂತೆ. ಸಂಡೂರಿನ ಒಬ್ಬ ಗಣಿ ಗುತ್ತಿಗೆದಾರರ ಮನೆಯಲ್ಲಿ ಯಜಮಾನರು ಕಾಲಮೇಲೆ ಕಾಲು ಹಾಕಿಕೊಂಡು, "ಜಲ್ದಿ ಮುಗಸಲೇ," ಎಂದರಂತೆ. ಇವರು ಬಿಚ್ಚಿದ ಇಪ್ಪತ್ತೆರಡು ಸ್ಕ್ರೂಗಳನ್ನೂ ಒಂದು ಬಟ್ಟಲಲ್ಲಿ ಹಾಕಿ ಅವರ ಮುಂದಿಟ್ಟು, "ನೀನೇ ಜಲ್ದಿ ಮುಗಸಪಾ," ಎಂದು ಬಂದುಬಿಟ್ಟರಂತೆ. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ದೂರು ಬರೆದ ಟೀಚರ್ ಇಲ್ಲೇ ಕೂತಿದ್ದಾಳೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಂಪ್ಲಿಯಿಂದ ನಮ್ಮ ಅಕ್ಕ ಚಿಕಿತ್ಸೆಗೆಂದು ಬಂದು ನಮ್ಮ ಮನೆಯಲ್ಲಿ ಇದ್ದಳು. ಎದೆಯಲ್ಲಿ ಗಂಟು. ಆಪರೇಷನ್ ಆಗಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಔಷಧ ಏರಿಸುತ್ತಿದ್ದರು. ಔಷಧದ ಉರಿಗೆ ಬಾಯಿ ತುಂಬ ಹುಣ್ಣು. ಅನ್ನ ಹೋಗಲಿ, ಮಾತೂ ಆಡಲಾಗದು. ಐಸ್ ಚೂರು ಬಾಯಲ್ಲಿಟ್ಟುಕೊಂಡರೆ ಉರಿ ಇಳಿಯುತ್ತದೆ ಎಂದು ನರ್ಸ್ ಹೇಳಿದ್ದರು. ಮನೆಯಲ್ಲಿ ಅಂಥ ಫ್ರಿಜ್ ಇದೆಯಲ್ಲ ಎಂದು ನನಗೆ ಒಳಗೊಳಗೆ ಹೆಮ್ಮೆ. ಬಟ್ಟಲು ಬಟ್ಟಲು ಐಸ್ ಕೊಟ್ಟೆ.

ಅಷ್ಟರಲ್ಲಿ ಐಸ್ ಸಣ್ಣದಾಗುತ್ತ ಬಂತು. ನಡುವೆ ಟೊಳ್ಳು, ಒಂಥರಾ ವಾಸನೆ. ಇಸ್ತ್ರಿ ಅಂಗಿಯವನು ಬಂದು ನೋಡಿ, ಐಸ್ ಮೇಕರ್ ಪೂರ್ತಿ ಬದಲಿಸಬೇಕು ಮೇಡಂ, ಸಾಮಾನು ಬರಲು ತಿಂಗಳಾಗುತ್ತದೆ ಎಂದ. ವಾಸನೆ ಕೇಳಿದ್ದಕ್ಕೆ, "ಅದು ನಾರ್ಮಲ್ ಮೇಡಂ," ಎಂದ. ಅದೇ ವಾರ ಅಕ್ಕನಿಗೆ ಜ್ವರ, ಭೇದಿ. ರಕ್ತದಲ್ಲಿ ತಡೆದುಕೊಳ್ಳುವ ಶಕ್ತಿಯೇ ಇಲ್ಲದ ಹೊತ್ತು. ಬಳ್ಳಾರಿಯಲ್ಲಿ ನಾಲ್ಕು ದಿನ ಒಳಗಿಟ್ಟುಕೊಂಡರು. ನೀರು ಎಂಥದ್ದು ಕೊಡ್ತೀರಿ ಎಂದು ಡಾಕ್ಟರ್ ಕೇಳಿದರೆ, "ಕುದಿಸಿ ಆರಿಸಿದ್ದೇ ಸರ್," ಎಂದು ಎದೆ ತಟ್ಟಿ ಹೇಳಿದೆ.

ಮನೆಗೆ ಬಂದ ಮೇಲೆ ಅಕ್ಕ ಮತ್ತೆ ಐಸಿಗೆ ಕೈ ಚಾಚಿದಳು. ಡಬ್ಬಿಯಲ್ಲಿ ನಾಲ್ಕು ತುಣುಕು. ಬೇರೆ ದಾರಿ ಕಾಣದೆ ಚಿತ್ತವಾಡ್ಗಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿದ್ದ ಅವರ ಹೆಂಡತಿ, "ಊಟಕ್ಕ ಕುಂತಾರ, ಒಳಗ ಬರ್ರಿ," ಎಂದರು. ಅವರು ತಟ್ಟೆಯಿಂದ ತಲೆ ಎತ್ತಿ ನೋಡಿದರು. ನಾನು ವಿಳಾಸ ಹೇಳಲು ಬಾಯಿ ತೆರೆದೆ.

"ಮನಿ ಗೊತ್ತೈತಿ. ಫ್ರಿಜ್ಜೂ ಗೊತ್ತೈತಿ. ನೀವು ನಡೀರಿ."

ನಾನು ಮನೆ ಮುಟ್ಟುವ ಮುಂಚೆ ಅವರ ಸ್ಕೂಟರ್ ಬಾಗಿಲಲ್ಲಿತ್ತು.

ಬಂದವರು ಮೊದಲು ಐಸ್ ಕೇಳಿದರು. ಒಂದು ತುಣುಕು ಎತ್ತಿ ಬೆಳಕಿಗೆ ಹಿಡಿದು, ಮೂಸಿ, "ಬಿಳೇ ತಟ್ಟಿ ಕೊಡ್ರಿ ಒಂದು," ಎಂದರು. ಪಿಂಗಾಣಿ ತಟ್ಟೆ ಕೊಟ್ಟೆ. ನಾಲ್ಕೂ ತುಣುಕನ್ನು ಅದರಲ್ಲಿಟ್ಟು ಕಿಟಕಿಯ ಬಿಸಿಲಿಗೆ ಸರಿಸಿದರು. ಆಮೇಲೆ ಐಸ್ ಮೇಕರಿನ ಗುಂಡಿ ಒತ್ತಿ ಹಿಡಿದು ಕಿವಿಗೊಟ್ಟರು. ಟ್ರೇ ತಿರುಗಿತು, ಮಗುಚಿತು, ವಾಪಸ್ ಬಂತು. ಹಿಂದುಗಡೆ ಝುಂ ಎಂದು ಒಂದು ಸದ್ದು.

"ಕೇಳಿದ್ರಿ? ಮಿಷನ್ ತಿರುಗ್ತೈತಿ, ಉದುರಸ್ತೈತಿ. ನೀರಿನ ಬಾಯಿ ತೆಗೀತೈತಿ. ಎಲ್ಲಾ ಮಾಡ್ತೈತಿ. ಟೊಳ್ಳು ಐಸ್ ಅಂದ್ರ ನೀರು ಸಾಲವಲ್ದು, ಅಷ್ಟ. ಇದನ್ನ ಪೂರ್ತಿ ಬದಲಸ್ಬೇಕು ಅಂದವ ಯಾವನ್ರಿ ಅವ? ಅವಗ ಕಿವಿ ಅದಾವಿಲ್ಲ?"

ಫ್ರಿಜ್ ಎಳೆದು ಹಿಂದೆ ಹೋದರು. ಐಸ್ ಮೇಕರಿಗೆ ಹೋಗುವ ನೀರಿನ ಪೈಪ್ ಬಿಚ್ಚಿ, ಅದರ ವಾಲ್ವಿನ ಬಾಯಲ್ಲಿದ್ದ ಚಿಕ್ಕ ಜಾಲರಿಯನ್ನು ಚಿಮುಟದಿಂದ ಎಳೆದು ಅಂಗೈಯಲ್ಲಿಟ್ಟರು. ಜಾಲರಿಯ ಕಣ್ಣು ಒಂದೂ ಕಾಣುತ್ತಿರಲಿಲ್ಲ. ಕೆಂಪು ಕೆಸರು. ನಮ್ಮ ಟ್ಯಾಂಕಿನ ತಳದಲ್ಲಿ ಕೂರುವಂಥದೇ, ಸಂಡೂರು ಕಡೆಯ ಲಾರಿಗಳು ಊರ ತುಂಬ ಉದುರಿಸಿ ಹೋಗುವ ಅದೇ ಅದಿರಿನ ಧೂಳು.

"ಇದು ಇಲ್ಲಿತನಕ ಬರಬಾರದ್ರಿ. ನಡುವ ಫಿಲ್ಟರ್ ಐತಿ," ಎಂದು ಫ್ರಿಜ್ಜಿನೊಳಗೆ ಕೈ ಹಾಕಿ ತಿರುಗಿಸಿ ಹೊರತೆಗೆದರು. ಕೈಯಲ್ಲಿದ್ದದ್ದು ಬೆರಳುದ್ದದ ಪ್ಲಾಸ್ಟಿಕ್ ತುಂಡು.

"ಇದು ಫಿಲ್ಟರ್ ಅಲ್ಲ. ಬಿರಡಿ. ಸೋಸಂಗಿಲ್ಲ, ನೀರು ದಾಟಸ್ತೈತಿ ಅಷ್ಟ. ಫಿಲ್ಟರ್ ಕಿತ್ತು ಬಿರಡಿ ಜಡದು, ನೇರ ಟ್ಯಾಂಕಿನ ನೀರು ಬಿಟ್ಟಾರ. ಎಂದು ಮಾಡಿದ್ರು?"

ನಾನು ಕಪಾಟಿನಿಂದ ಆ ಕಾಗದ ತಂದುಕೊಟ್ಟೆ. 'ಫಿಲ್ಟರ್ ಬದಲಿಸಲಾಗಿದೆ.' ಕೆಳಗೆ ನನ್ನ ಸಹಿ. ಅವರು ಅದನ್ನು ಓದಿ ಕೆಳಗಿಟ್ಟರು. ಎದ್ದು ಹೋಗಿ ಕಿಟಕಿಯ ತಟ್ಟೆ ತಂದರು. ಐಸ್ ಕರಗಿತ್ತು. ಬಿಳಿ ಪಿಂಗಾಣಿಯ ತಳದಲ್ಲಿ ಕುಂಕುಮ ಕದಡಿದ ಹಾಗೆ ತೆಳ್ಳಗೆ ಕೆಂಪು ಕೂತಿತ್ತು. ನಡುವೆ ಎಂಥದೋ ಹಸಿರು ಎಳೆ.

"ಈ ಐಸ್ ಯಾರಿಗೆ ಕೊಡ್ತಿದ್ರಿ?"

ಮೂಲೆಯ ಮಂಚದ ಮೇಲೆ ತಲೆಗೆ ಸೆರಗು ಸುತ್ತಿ ಕೂತಿದ್ದ ಅಕ್ಕ ಮೆಲ್ಲಗೆ ಕೈ ಎತ್ತಿದಳು.

ಅವರು ಅವಳನ್ನು ನೋಡಿದರು. ಸೆರಗಿನಡಿ ಕೂದಲಿಲ್ಲದ ತಲೆ, ಊದಿದ ತುಟಿ. ಆ ಒಂದು ಗಳಿಗೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಬಂತು ನೋಡಿ. ಗೋಡೆ ನಡುಗುವಂತೆ ಕೂಗಿದರು. "ಕುಡ್ಯಾಕ ಕುದಿಸಿದ ನೀರು, ಐಸಿಗೆ ಟ್ಯಾಂಕಿನ ನೀರು! ಐಸ್ ಏನು ಆಕಾಶದಿಂದ ಬೀಳ್ತೈತೇನ್ರಿ? ಅದೂ ನೀರ ಅಲ್ಲೇನು? ಗಣಿತ ಕಲಿಸ್ತೀರಿ, ಇಷ್ಟು ಕೂಡಿಸಾಕ ಬರಂಗಿಲ್ಲ? ಆ ಬಿರಡಿ ಜಡದ ಮಗ ಮುಂದಿದ್ರ ಈ ತಟ್ಟಿ ಅವನ ಬಾಯಾಗ ಸುರೀತಿದ್ದೆ. ನಿಮಗೂ ಅಷ್ಟ. ಸಹಿ ಮಾಡೂ ಮುಂದ ಒಳಗ ಬಗ್ಗಿ ನೋಡ್ಲಿಲ್ಲ ನೀವು!"

ನಾನು ನಿಂತಲ್ಲೇ ಅತ್ತೆ. ಅವರು ಅದಕ್ಕೂ ಬೈದರು. "ಅಳೂದು ಆಮ್ಯಾಲ. ಮೊದಲು ನೀರು ಕುದೀಲಿಕ್ಕೆ ಇಡ್ರಿ. ಆರಿಸಿ ಸ್ಟೀಲ್ ವಾಟಿಯೊಳಗ ಹಾಕಿ ಮುಚ್ಚಿ ಫ್ರೀಜರಿನ್ಯಾಗ ಇಡ್ರಿ. ನಮ್ಮವ್ವ ಹಂಗ ಮಾಡ್ತಿದ್ಲು. ಐಸ್ ಮಾಡಾಕ ಮಿಷನ್ನೇ ಆಗಬೇಕೇನು?"

ಮರುದಿನ ಬಳ್ಳಾರಿಯಿಂದ ಅಸಲಿ ಫಿಲ್ಟರ್ ತಂದರು. ಪೈಪ್ ತೊಳೆದು, ಜಾಲರಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಕೂಡಿಸಿದರು. ಟ್ಯಾಂಕಿನ ಏಣಿ ಹತ್ತಿ ಇಣುಕಿ, ಅಲ್ಲಿಂದಲೇ ನಮ್ಮ ಯಜಮಾನರನ್ನು ಬೈದರು. ಎರಡು ದಿನದ ಐಸ್ ಪೂರ್ತಿ ಚೆಲ್ಲಬೇಕು ಎಂದರು, ಚೆಲ್ಲಿದ್ದೇವೋ ಇಲ್ಲವೋ ನೋಡಲು ಮೂರನೇ ದಿನ ತಾವೇ ಬಂದರು. ಆಗ ಐಸ್ ಗಾಜಿನಂತೆ ತುಂಬು ತುಂಬಾಗಿ ಬೀಳುತ್ತಿತ್ತು. ಆದರೂ ಅಕ್ಕನ ಕಡೆ ಬೊಟ್ಟು ಮಾಡಿ, "ಇವ್ರಿಗೆ ಮಾತ್ರ ವಾಟಿ ಐಸು," ಎಂದು ಹೇಳಿ ಹೋದರು. ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ತೋರಿಸಿದಳು: 'ಈತನ್ನ ದಿನಾ ಕರಿ. ನನ್ನ ಪರವಾಗಿ ಬೈಯಾಕ ಒಬ್ರು ಬೇಕಾಗಿತ್ತು.'

ಜ್ವರ ಬಂದದ್ದು ಆ ಐಸಿನಿಂದಲೇ ಎಂದು ಡಾಕ್ಟರ್ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮೂರನೇ ದಿನ ಅವರು ಚೀಲ ಕಟ್ಟುವಾಗ ನಾನು ಹೇಳಿಯೇಬಿಟ್ಟೆ. ನಿಮ್ಮ ಮೇಲೆ ದೂರು ಬರೆದವಳು ನಾನೇ ಎಂದೆ.

"ಗೊತ್ತೈತಿ. ಮಾಲಕರು ನನಗ ಓದಾಕ ಕೊಟ್ಟಿದ್ರಲ್ಲ. ಅಕ್ಷರ ಭಾಳ ಚಂದ ಇದ್ವು."

"ತಪ್ಪಾಯಿತು," ಎಂದೆ.

ಅವರು ಪೆನ್ಸಿಲ್ ಕಿವಿಗೇರಿಸಿದರು. "ನೀವು ಅದರಾಗ ಸುಳ್ಳು ಒಂದೂ ಬರೀಲಿಲ್ರಿ. ನಾ ಕೂಗಿದ್ದು ಖರೆ, ಮಂದಿ ಮುಂದ ಅಂದಿದ್ದೂ ಖರೆ. ಚಾಕು ಹಾಕಿದ್ದು ಮಾತ್ರ ಬರೀಲಿಲ್ಲ. ಆ ಒಂದು ಸಾಲು ಇದ್ದಿದ್ರ ನನ್ನ ಹೊಟ್ಟಿ ಇಷ್ಟು ಉರೀತಿರಲಿಲ್ಲ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ದಿನವೇ ತಟ್ಟೆಯ ಫೋಟೋ, ಆ ಬಿರಡೆ, ಆ ಕಾಗದ ತಗೊಂಡು ಸರ್ವೀಸ್ ಸೆಂಟರಿಗೆ ಹೋದೆ. ಜೊತೆಗೆ ಹೊಸದೊಂದು ಪತ್ರ. ಮುರಿದದ್ದು ನಾನು, ಚಾಕು ಹಾಕಿದ್ದು ನಾನು, ಸುಳ್ಳು ಹೇಳಿದ್ದು ನಾನು, ಆ ಮನುಷ್ಯ ಹೇಳಿದ್ದು ನಿಜ ಎಂದು ಬರೆದಿದ್ದೆ. ಮಾಲೀಕರು ನನ್ನನ್ನು ಕೂರಿಸಿ, ತಂಪು ತರಿಸಿ, ಪತ್ರ ಓದಿ ನಕ್ಕರು.

"ಇದೆಲ್ಲ ಈಗ ಯಾಕ್ರಿ ಮೇಡಂ? ಖರೆ ಹೇಳ್ಬೇಕಂದ್ರ ಅವತ್ತು ನೀವು ನಮಗ ಉಪಕಾರನ ಮಾಡಿದ್ರಿ. ಬದಲಸಬ್ಯಾಡ್ರಿ, ಇಷ್ಟು ಸಾಕ್ರಿ ಅಂತ ಮನಿಮನಿಗೆ ಹೇಳ್ಕೊಂತ ಹೋಗ್ತಿದ್ದ ಆ ಮನುಷ್ಯ. ತೆಗೀಲಿಕ್ಕೆ ಒಂದು ಕಾರಣ ಬೇಕಾಗಿತ್ತು. ನಿಮ್ಮ ಲೆಟರ್ ಬಂತು."

ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಗಂಟಲು ನನ್ನದು. ಅವತ್ತು ಅದನ್ನು ಪೂರ್ತಿ ಬಳಸಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆದುರು ಬಿರಡೆಯನ್ನು ಅವರ ಮೇಜಿನ ಮೇಲೆ ಬಡಿದು, ಇದು ಏನು, ಇದರ ಹೆಸರೇನು, ಜೋರಾಗಿ ಹೇಳಿರಿ ಎಂದು ಕೇಳಿದೆ. ಇಸ್ತ್ರಿ ಅಂಗಿಯವನು ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಮಾಲೀಕರು ನನ್ನನ್ನು ಮೆಲ್ಲಗೆ ಮಾತಾಡಿ ಎಂದರು. ಮೆಲ್ಲಗೆ ಮಾತಾಡುವವರನ್ನೇ ಇಟ್ಟುಕೊಂಡಿದ್ದೀರಲ್ಲ, ಸಾಕಾಗಲಿಲ್ಲವೇ ಎಂದೆ. ಇಬ್ಬರು ಗಿರಾಕಿಗಳು ತಮ್ಮ ಕಾಗದ ವಾಪಸ್ ತಗೊಂಡು ಎದ್ದುಹೋದರು. ಅದರಿಂದ ಅಂಗಡಿ ಮುಚ್ಚಲಿಲ್ಲ, ಏನೂ ಆಗಲಿಲ್ಲ.

ಪತ್ರದ ಇನ್ನೊಂದು ಪ್ರತಿಯನ್ನು ಅವರ ಮನೆಗೆ ಒಯ್ದು ಕೊಟ್ಟೆ. ನಿಂತುಕೊಂಡೇ ಓದಿದರು. "ಈಗ ಸರಿ ಐತಿ ಲೆಕ್ಕ," ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಅಷ್ಟಕ್ಕೆ ನಿಲ್ಲಿಸುವ ಜನವಲ್ಲ ಅವರು. "ಆದ್ರ ತಡಾ ಆತು," ಎಂದು ಕಾಗದವನ್ನು ಜೇಬಿಗಿಟ್ಟುಕೊಂಡರು. ಆಮೇಲೂ ಎಷ್ಟೋ ಸಲ ಮನೆಗೆ ಬಂದರು. ಬೈಗುಳ ಒಂದು ಎಳೆಯೂ ಕಡಿಮೆಯಾಗಲಿಲ್ಲ.

ಅಕ್ಕ ಗುಣವಾಗಿ ಕಂಪ್ಲಿಗೆ ಹೋದಳು. ಅವರು ತೀರಿಹೋದ ಸುದ್ದಿ ಮೊದಲು ಮುಟ್ಟಿದ್ದು ಅವಳಿಗೇ. ಮೂರನೇ ದಿನ ಇಬ್ಬರೂ ಕೂಡಿ ಚಿತ್ತವಾಡ್ಗಿಗೆ ಹೋದೆವು. ಅವರ ಓಣಿಯ ತಿರುವಿನಲ್ಲಿ ಆಟೋ ಇಳಿದವಳು ಹಾಗೇ ನಿಂತೆ. ಎರಡು ಕಂಬದ ನಡುವೆ ದೊಡ್ಡ ಫ್ಲೆಕ್ಸ್. 'ನಮ್ಮ ಬಳಗದ ಹೆಮ್ಮೆಯ ಹಿರಿಯ ತಂತ್ರಜ್ಞರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಎಡಗಡೆ ಅವರ ಮುಖ, ನೌಕರಿಯ ಕಾಲದ ಫೋಟೋ ಹಿಗ್ಗಿಸಿದ್ದು. ಬಲಗಡೆ ಅದರ ಎರಡರಷ್ಟು ದೊಡ್ಡದಾಗಿ ಕೈ ಮುಗಿದು ನಿಂತ ಮಾಲೀಕರು. ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರ್, ಎಲ್ಲಾ ತರಹದ ಫ್ರಿಜ್, ವಾಷಿಂಗ್ ಮಷಿನ್ ಸೇವೆಗೆ ಸಂಪರ್ಕಿಸಿ.

ಹೋಗಿ ಫ್ಲೆಕ್ಸಿನ ಮೂಲೆ ಹಿಡಿದು ಜಗ್ಗಿದೆ. ದಾರ ಹರಿಯಲಿಲ್ಲ. ಅಕ್ಕ ಇನ್ನೊಂದು ಮೂಲೆ ಹಿಡಿದಳು. ಅಷ್ಟರಲ್ಲಿ, "ಹರೀಬ್ಯಾಡ್ರಿ ಟೀಚರ್!" ಎಂಬ ಕೂಗು. ಅವರ ಹೆಂಡತಿ ಓಣಿಯಿಂದ ಬರುತ್ತಿದ್ದರು. ಕೈಯಲ್ಲಿ ಕತ್ತರಿ.

"ಮುಂಜಾನಿಂದ ನೋಡಿ ನೋಡಿ ಸಾಕಾತು ನನಗ," ಎಂದರು. "ಹರದ್ರ ಅವ್ರ ಮುಖಾನೂ ಹರೀತೈತಿ. ಇಷ್ಟು ದೊಡ್ಡ ಫೋಟೋ ನಮ್ಮ ಮನ್ಯಾಗ ಒಂದೂ ಇಲ್ರಿ. ಹಿಡೀರಿ ಇಲ್ಲೆ, ಗಟ್ಟಿ."

ನಾನು ಕೆಳಗಿನ ಅಂಚು ಬಿಗಿಯಾಗಿ ಹಿಡಿದೆ. ಎದುರಿನ ಚಹಾದಂಗಡಿಯವರು ಒಂದು ಸ್ಟೂಲ್ ತಂದಿಟ್ಟರು. ಆಕೆ ಹತ್ತಿ ನಿಂತು, ಬಟ್ಟೆ ಕತ್ತರಿಸುವ ಹಾಗೆ ಒಂದೇ ಸಮನೆ, ಗಂಡನ ಮುಖದ ಸುತ್ತ ಚೌಕಾಕಾರವಾಗಿ ಕತ್ತರಿ ಆಡಿಸಿದರು. ಬಿಳಿ ಮೀಸೆಗೂ ಕಿವಿಗೂ ಏನೂ ಆಗಲಿಲ್ಲ. ಕೆಳಗಿಳಿದು, ಸೆರಗಿನಿಂದ ಫೋಟೋದ ಧೂಳು ಒರೆಸಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು.

ಉಳಿದದ್ದನ್ನು ಇಳಿಸಲೇ ಎಂದು ಕೇಳಿದೆ.

"ಬ್ಯಾಡ. ಇರ್ಲಿ ಬಿಡ್ರಿ ಅದು," ಎಂದು ಒಮ್ಮೆ ಮೇಲೆ ನೋಡಿ, ಓಣಿಯೊಳಗೆ ನಡೆದುಬಿಟ್ಟರು.

ನಾವೂ ನೋಡಿದೆವು. ಮಾಲೀಕರು ತೂತಿಗೆ ಕೈ ಮುಗಿದುಕೊಂಡು ನಿಂತಿದ್ದರು.